ಮರದ ಪೆಟ್ಟಿಗೆ, ಗುಡಿಸಲ ಪೆಟ್ಟಿಗೆ: ಸಮಾಜವಾದಿಗಳು ಎಡವಿದ್ದು ಎಲ್ಲಿ?

ತುಂಗಾತೀರ (ಚರ್ಚೆ ಆರಂಭಿಸಿದವರು)

ಒಂದು ಲೆಕ್ಕ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. 1951-52ರ ಮೊದಲ ಮಹಾಚುನಾವಣೆಯಲ್ಲಿ ಜಯಪ್ರಕಾಶ ನಾರಾಯಣ (ಜೆಪಿ), ರಾಮಮನೋಹರ ಲೋಹಿಯಾ, ಆಚಾರ್ಯ ನರೇಂದ್ರ ದೇವ ಇವರೆಲ್ಲ ಇದ್ದ ಸೋಷಲಿಸ್ಟ್ ಪಕ್ಷಕ್ಕೆ ದೇಶದಲ್ಲಿ ಬಿದ್ದ ಮತ ಶೇ 10.6. ಕಾಂಗ್ರೆಸ್ಸನ್ನು ಬಿಟ್ಟರೆ ಜನ ಅತಿ ಹೆಚ್ಚು ಒಪ್ಪಿದ್ದು ಅವರನ್ನೇ. ಆದರೆ ಗೆದ್ದದ್ದು ಬರೀ 12 ಸ್ಥಾನ. ಶೇ 3.3 ಮತ ಪಡೆದ ಕಮ್ಯುನಿಸ್ಟರು 16 ಸ್ಥಾನ ಗೆದ್ದರು. ಆಚಾರ್ಯ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಶೇ 5.8 ಮತ, 9 ಸ್ಥಾನ. ಕಾಂಗ್ರೆಸ್ಸಿಗೆ ಶೇ 45 ಮತದಲ್ಲಿ 489ರ ಪೈಕಿ 364 ಸ್ಥಾನ.

ಸೋಷಲಿಸ್ಟರ ಮತಕ್ಕೆ ಕೃಪಲಾನಿಯವರ ಮತ ಕೂಡಿಸಿದರೆ ಶೇ 16 ದಾಟುತ್ತದೆ. ಇಷ್ಟು ಜನಬಲ ಇದ್ದವರು ಐದೇ ವರ್ಷಗಳಲ್ಲಿ ಚೂರುಚೂರಾದದ್ದು ಹೇಗೆ?

ಇದು ನನಗೆ ಪುಸ್ತಕದ ಪ್ರಶ್ನೆಯಲ್ಲ. ನಮ್ಮ ಅಜ್ಜ ಸಾಗರ ಸೀಮೆಯಲ್ಲಿ ಗೇಣಿ ಮಾಡುತ್ತಿದ್ದವರು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡೆತ್ತು, ಸೋಷಲಿಸ್ಟರಿಗೆ ಆಲದ ಮರ, ಕೃಪಲಾನಿಯವರ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಅಜ್ಜ ಸಾಯುವ ತನಕವೂ ಪಕ್ಷದ ಹೆಸರು ಹೇಳುತ್ತಿರಲಿಲ್ಲ, "ನಾವು ಮರದ ಪೆಟ್ಟಿಗೆಯವರು" ಎನ್ನುತ್ತಿದ್ದರು. ಆ ಮರ ಒಣಗಿದ್ದು ಎಲ್ಲಿಂದ ಎಂದು ತಿಳಿದವರು ಹೇಳಬೇಕು. 1948ರಲ್ಲಿ ಕಾಂಗ್ರೆಸ್ಸಿನಿಂದ ಹೊರಬಂದದ್ದೇ ತಪ್ಪಾಯಿತೇ?

ಹಳೆಕಡತ

ಹೊರಬಂದದ್ದು ತಪ್ಪಲ್ಲ. ಅಲ್ಲಿಂದಲೇ ಹೇಳುತ್ತೇನೆ.

ಸಮಾಜವಾದಿಗಳು ಕಾಂಗ್ರೆಸ್ಸಿನ ಒಳಗೇ ಒಂದು ಪಕ್ಷ ಕಟ್ಟಿಕೊಂಡದ್ದು 1934ರಲ್ಲಿ. ಅದರ ಮಾತುಕತೆ ಮೊಳಕೆಯೊಡೆದದ್ದು ನಾಸಿಕದ ಜೈಲಿನಲ್ಲಿ. ಹದಿನಾಲ್ಕು ವರ್ಷ ಮನೆಯೊಳಗಿನ ಮನೆಯಾಗಿ ಬದುಕಿದರು. ಗಾಂಧೀಜಿಗೆ ಅವರ ಮೇಲೆ ಮಮತೆ ಇತ್ತು. 1947ರಲ್ಲಿ ಕೃಪಲಾನಿಯವರು ಕಾಂಗ್ರೆಸ್ ಅಧ್ಯಕ್ಷಗಿರಿಯನ್ನು ಬಿಟ್ಟಾಗ ಆ ಜಾಗಕ್ಕೆ ನರೇಂದ್ರ ದೇವರನ್ನು ತರಬೇಕೆಂದು ಗಾಂಧೀಜಿ ಬಯಸಿದ್ದರು. ಅದು ನಡೆಯಲಿಲ್ಲ. ರಾಜೇಂದ್ರ ಪ್ರಸಾದರು ಬಂದರು. ಗಾಂಧೀಜಿಯ ಹತ್ಯೆಯಾಗಿ ತಿಂಗಳು ತುಂಬುವ ಮುನ್ನವೇ, 1948ರ ಫೆಬ್ರುವರಿಯಲ್ಲಿ, ಕಾಂಗ್ರೆಸ್ಸಿನೊಳಗೆ ಸ್ವಂತ ಶಿಸ್ತು, ಸ್ವಂತ ಸದಸ್ಯತ್ವ ಇರುವ ಯಾವ ಗುಂಪೂ ಇರಕೂಡದು ಎಂಬ ನಿಯಮ ಬಂತು. ಅದು ಯಾರನ್ನು ಉದ್ದೇಶಿಸಿ ಬಂದ ನಿಯಮ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಾರ್ಚ್‌ನಲ್ಲಿ ನಾಸಿಕದಲ್ಲೇ ಸಮ್ಮೇಳನ ಸೇರಿ ಅವರು ಹೊರಟುಬಂದರು. ಬಾಗಿಲು ತೋರಿಸಿದ ಮೇಲೆ ಹೊರಟವರನ್ನು ಮನೆ ಮುರಿದವರು ಎನ್ನಬಾರದು.

ಅದಕ್ಕಿಂತ ದೊಡ್ಡದು ಆಮೇಲೆ ಮಾಡಿದ ಕೆಲಸ. ಉತ್ತರ ಪ್ರದೇಶದಲ್ಲಿ ನರೇಂದ್ರ ದೇವ ಮತ್ತು ಅವರ ಸಂಗಡಿಗರು ಕಾಂಗ್ರೆಸ್ ಟಿಕೆಟಿನ ಮೇಲೆ ಗೆದ್ದ ಶಾಸಕರಾಗಿದ್ದರು. ಪಕ್ಷ ಬಿಟ್ಟ ಮೇಲೆ ಆ ಪಕ್ಷದ ಹೆಸರಿನಲ್ಲಿ ಸಿಕ್ಕ ಸ್ಥಾನದಲ್ಲಿ ಕೂರುವುದು ಸರಿಯಲ್ಲವೆಂದು ಎಲ್ಲರೂ ರಾಜೀನಾಮೆ ಕೊಟ್ಟರು. ಆಗ ಪಕ್ಷಾಂತರ ನಿಷೇಧದ ಕಾನೂನು ಇರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಮತ್ತೆ ಜನರ ಮುಂದೆ ಹೋದರು. ಫೈಜಾಬಾದಿನಲ್ಲಿ ನರೇಂದ್ರ ದೇವರ ಎದುರು ಕಾಂಗ್ರೆಸ್ಸು ಬಾಬಾ ರಾಘವ ದಾಸ ಎಂಬ ಸಾಧುವನ್ನು ನಿಲ್ಲಿಸಿತು. ದೇವರನ್ನು ನಂಬದವರಿಗೆ ಅಯೋಧ್ಯೆಯ ನೆಲದಲ್ಲಿ ಮತ ಕೊಡಬೇಕೇ ಎಂಬ ಧಾಟಿಯಲ್ಲಿ ಪ್ರಚಾರ ಸಾಗಿತು. ಮುಖ್ಯಮಂತ್ರಿ ಗೋವಿಂದ ವಲ್ಲಭ ಪಂತರೇ ಪ್ರಚಾರಕ್ಕೆ ಇಳಿದರು. ಬೌದ್ಧ ದರ್ಶನದ ದೊಡ್ಡ ವಿದ್ವಾಂಸ, ಆಸ್ತಮಾದಿಂದ ಏದುಸಿರು ಬಿಡುತ್ತಿದ್ದ ಆ ಸಜ್ಜನ ಸೋತರು. ಚುನಾವಣೆಗೆ ಧರ್ಮದ ಬಣ್ಣ ಬಳಿಯುವ ಕೆಲಸ ಯಾವಾಗ ಶುರುವಾಯಿತು ಎಂದು ಕೇಳುವವರು ಈ ಉಪಚುನಾವಣೆಯನ್ನು ನೆನಪಿಟ್ಟುಕೊಳ್ಳಬೇಕು.

ಕೋಲಾರದ ಓದುಗಿ

ಹಳೆಕಡತ ಅವರೇ, ನೀವು ಹೇಳಿದ್ದೆಲ್ಲ ನಿಜ. ಆದರೆ ನೈತಿಕತೆಯನ್ನು ಹೊಗಳುವ ಭರದಲ್ಲಿ ಲೆಕ್ಕವನ್ನು ಮರೆಯಬಾರದು. ಸೋಷಲಿಸ್ಟರು 254 ಲೋಕಸಭಾ ಸ್ಥಾನಗಳಿಗೆ ಸ್ಪರ್ಧಿಸಿದರು. ಕಮ್ಯುನಿಸ್ಟರು ಸ್ಪರ್ಧಿಸಿದ್ದು 49ಕ್ಕೆ. ಕೈಯಲ್ಲಿದ್ದ ಬೀಜ ಹಿಡಿಯಷ್ಟು, ಬಿತ್ತಿದ್ದು ನೂರು ಎಕರೆಗೆ. ಕಮ್ಯುನಿಸ್ಟರು ತಮಗೆ ಬೇರಿದ್ದ ಕಡೆ ಮಾತ್ರ ನಿಂತರು: ತೆಲಂಗಾಣ, ಆಂಧ್ರದ ಕರಾವಳಿ, ಮಲಬಾರ್, ತಿರುವಾಂಕೂರು, ಬಂಗಾಳ.

ಇನ್ನೊಂದು ಮಾತು. 1946ರಲ್ಲಿ ಸಂವಿಧಾನ ಸಭೆ ವಯಸ್ಕ ಮತದಾನದಿಂದ ಆರಿಸಿಬಂದದ್ದಲ್ಲವೆಂದು ಸಮಾಜವಾದಿಗಳು ಅದನ್ನು ಬಹಿಷ್ಕರಿಸಿದರು. ತಾತ್ವಿಕವಾಗಿ ಸರಿ ಇರಬಹುದು. ಆದರೆ ಮೂರು ವರ್ಷ ದೇಶದ ಮೂಲ ಕಾನೂನು ರೂಪುಗೊಳ್ಳುವಾಗ, ಆಸ್ತಿ ಹಕ್ಕಿನ ಬಗ್ಗೆ, ಪರಿಹಾರದ ಬಗ್ಗೆ ಒಂದೊಂದು ಪದಕ್ಕೂ ಜಗ್ಗಾಟ ನಡೆಯುವಾಗ, ಭೂಮಿಯನ್ನು ಉಳುವವನಿಗೆ ಕೊಡಿ ಎನ್ನುತ್ತಿದ್ದವರು ಆ ಕೋಣೆಯ ಹೊರಗಿದ್ದರು. ಕಾಂಗ್ರೆಸ್ಸಿನ ಕಡು ಟೀಕಾಕಾರರಾಗಿದ್ದ ಅಂಬೇಡ್ಕರ್ ಒಳಗೆ ಹೋಗಿ ಕೂತರು, ಬರೆದರು. ನನ್ನ ಪ್ರಕಾರ ಮೊದಲ ಎಡವು ಅಲ್ಲಿದೆ.

ಬಹಮನಿ ಬೀದಿ

ಕೋಲಾರದವರ ಮಾತಿಗೆ ನಮ್ಮ ಕಡೆಯ ಒಂದು ಉದಾಹರಣೆ ಸೇರಿಸುತ್ತೇನೆ. ನಾವು ಆಗ ಹೈದರಾಬಾದ್ ರಾಜ್ಯದಲ್ಲಿದ್ದೆವು. ಅಲ್ಲಿ ಕಮ್ಯುನಿಸ್ಟ್ ಪಕ್ಷದ ಮೇಲೆ ನಿಷೇಧ ಇತ್ತು, ತೆಲಂಗಾಣದ ಸಶಸ್ತ್ರ ಹೋರಾಟವನ್ನು ಅವರು ನಿಲ್ಲಿಸಿದ್ದೇ 1951ರ ಅಕ್ಟೋಬರಿನಲ್ಲಿ. ಹಾಗಾಗಿ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಎಂಬ ಹೆಸರಿನಲ್ಲಿ ನಿಂತರು. ನಲ್ಗೊಂಡದಿಂದ ರಾವಿ ನಾರಾಯಣ ರೆಡ್ಡಿಯವರು ಮೂರು ಲಕ್ಷಕ್ಕಿಂತ ಹೆಚ್ಚು ಮತ ಪಡೆದರು. ದೇಶದಲ್ಲಿ ಅದೇ ಅತಿ ಹೆಚ್ಚು, ನೆಹರೂ ಅವರಿಗಿಂತಲೂ ಹೆಚ್ಚು. ಹಳ್ಳಿಯಲ್ಲಿ ಸಂಘ ಕಟ್ಟಿದವನಿಗೆ ಚಿಹ್ನೆ ಯಾವುದಾದರೂ ಮತ ಬೀಳುತ್ತದೆ.

ಸಮಾಜವಾದಿಗಳ ಬಲ ಇದ್ದದ್ದು ನಾಯಕರಲ್ಲಿ. 1942ರ ಭೂಗತ ಹೋರಾಟ, ಹಜಾರಿಬಾಗ್ ಜೈಲಿನ ಗೋಡೆ ಹಾರಿದ ಜೆಪಿ, ಗುಪ್ತ ರೇಡಿಯೊ, ಇವೆಲ್ಲದರ ಪ್ರಭೆಯಿಂದ ದೇಶಕ್ಕೆಲ್ಲ ಹೆಸರು ಗೊತ್ತಿತ್ತು. ಹೆಸರಿಗೆ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಮತ ಬೀಳುತ್ತದೆ. ಸ್ಥಾನ ಬೀಳುವುದಿಲ್ಲ.

ತುಂಗಾತೀರ

ಬಹಮನಿ ಬೀದಿಯವರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಎಲ್ಲ ಕಡೆಗೂ ಅನ್ವಯಿಸಬೇಡಿ. ನಮ್ಮ ಸೀಮೆಯಲ್ಲಿ ನಡೆದದ್ದು ಬೇರೆ.

ಕಾಗೋಡು ಸಾಗರದ ಹತ್ತಿರದ ಊರು. ಅಲ್ಲಿ ಗೇಣಿದಾರರೆಲ್ಲ ಹೆಚ್ಚುಕಡಿಮೆ ದೀವರ ಸಮುದಾಯದವರು. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ತರುತ್ತಿದ್ದ ಕೊಳಗ ಊರಿನ ಕೊಳಗಕ್ಕಿಂತ ದೊಡ್ಡದು. ಅಳೆದುಕೊಟ್ಟದ್ದಕ್ಕೆ ರಸೀದಿ ಇಲ್ಲ. ಸರಿಯಾದ ಅಳತೆಯ ಕೊಳಗ ತನ್ನಿ, ರಸೀದಿ ಕೊಡಿ ಎಂದವರನ್ನು ಗದ್ದೆಗೆ ಇಳಿಯದಂತೆ ತಡೆದರು. ಎಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕು ರೈತ ಸಂಘ ಕಟ್ಟಿ ಊರೂರು ತಿರುಗಿ ಜನರನ್ನು ಒಟ್ಟುಮಾಡಿದ್ದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಬಂಧಿಸಿದರೆ ಹೋಗುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಶಾಂತವೇರಿ ಗೋಪಾಲಗೌಡರು ಮತ್ತು ಸೋಷಲಿಸ್ಟ್ ಪಕ್ಷ ಹೆಗಲು ಕೊಟ್ಟರು. ಜೂನ್‌ನಲ್ಲಿ ಲೋಹಿಯಾ ಸ್ವತಃ ಬಂದು ಇಲ್ಲಿಯೇ ಬಂಧನಕ್ಕೆ ಒಳಗಾದರು. ಸಾಗರದ ಒಂದು ಹಳ್ಳಿಯ ಕೊಳಗದ ಜಗಳ ದೇಶದ ಸುದ್ದಿಯಾಯಿತು.

ಮುಂದಿನ ವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಆರಿಸಿಬಂದರು. ಆರಗದಲ್ಲಿ ಹುಟ್ಟಿದ ಬಡ ಕುಟುಂಬದ ಹುಡುಗ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು, ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ಬೇರು ಇದ್ದ ಕಡೆ ಮರ ನಿಂತಿತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಳೆಕಡತ

ಕಾಗೋಡಿನ ವಿಷಯ ಬಂದದ್ದು ಒಳ್ಳೆಯದಾಯಿತು. ಅದೇ 1951ರ ಏಪ್ರಿಲ್‌ನಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರಿಗೆ ಮೊದಲ ಭೂದಾನ ಸಿಕ್ಕಿತು. ಒಂದೇ ತಿಂಗಳಲ್ಲಿ ಎರಡು ದಾರಿ ತೆರೆದವು. ಒಂದು, ಉಳ್ಳವನ ಮನಸ್ಸು ಕರಗಿಸಿ ಭೂಮಿ ಕೇಳುವುದು. ಇನ್ನೊಂದು, ಉಳುವವನೇ ಗದ್ದೆಗೆ ಇಳಿದು ಹಕ್ಕು ಕೇಳುವುದು. ಲೋಹಿಯಾ ಕಾಗೋಡಿಗೆ ಬಂದರು. ಜೆಪಿ ಮೂರು ವರ್ಷಗಳ ನಂತರ, 1954ರ ಏಪ್ರಿಲ್‌ನಲ್ಲಿ, ಬೋಧಗಯೆಯಲ್ಲಿ ತಮ್ಮ ಬದುಕನ್ನೇ ಭೂದಾನಕ್ಕೆ ಅರ್ಪಿಸುತ್ತೇನೆಂದು ಜೀವನದಾನ ಘೋಷಿಸಿದರು. ಒಂದು ಪಕ್ಷದ ಇಬ್ಬರು ಹಿರಿಯರು ಭೂಮಿಯ ಪ್ರಶ್ನೆಯಲ್ಲೇ ಬೇರೆ ಬೇರೆ ದಿಕ್ಕಿಗೆ ನಡೆದರು.

ಮೈಸೂರು ಮಲ್ಲಿಗೆ ಬಳ್ಳಿ

ಗುಡಿಸಲ ಪೆಟ್ಟಿಗೆಯ ಬಗ್ಗೆ ಯಾರೂ ಹೆಚ್ಚು ಹೇಳಿಲ್ಲ. ನಮ್ಮ ಹಳೆ ಮೈಸೂರಿನಲ್ಲಿ ಅದೇ ದೊಡ್ಡ ವಿರೋಧ ಪಕ್ಷವಾಗಿತ್ತು. 1952ರ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 74, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ 8, ಸೋಷಲಿಸ್ಟರಿಗೆ 3. ಲೋಕಸಭೆಗೂ ಮೈಸೂರು ಕ್ಷೇತ್ರದಿಂದ ಎಂ. ಎಸ್. ಗುರುಪಾದಸ್ವಾಮಿಯವರು ಅದೇ ಪಕ್ಷದಿಂದ ಗೆದ್ದರು.

ಆ ಪಕ್ಷ ಹುಟ್ಟಿದ್ದು ಹಟದಿಂದ ಎಂದು ಕೆಲವರು ಹೇಳುತ್ತಾರೆ. 1950ರ ಕಾಂಗ್ರೆಸ್ ಅಧ್ಯಕ್ಷ ಚುನಾವಣೆಯಲ್ಲಿ ಸರ್ದಾರ್ ಪಟೇಲರ ಬೆಂಬಲವಿದ್ದ ಪುರುಷೋತ್ತಮ ದಾಸ ಟಂಡನ್ ಕೃಪಲಾನಿಯವರನ್ನು ಸೋಲಿಸಿದರು. ಡಿಸೆಂಬರಿನಲ್ಲಿ ಪಟೇಲರು ತೀರಿಕೊಂಡರು. 1951ರಲ್ಲಿ ಕೃಪಲಾನಿ ಕಾಂಗ್ರೆಸ್ ಬಿಟ್ಟು ಪಾಟ್ನಾದಲ್ಲಿ ಹೊಸ ಪಕ್ಷ ಕಟ್ಟಿದರು. ಅವರು ಹೊರಗೆ ಕಾಲಿಟ್ಟ ಮೂರೇ ತಿಂಗಳಿಗೆ ನೆಹರೂ ಟಂಡನ್‌ರನ್ನು ಇಳಿಸಿ ತಾವೇ ಅಧ್ಯಕ್ಷರಾದರು. ಕೃಪಲಾನಿ ಕಾಂಗ್ರೆಸ್ ಬಿಡಲು ಇದ್ದ ಕಾರಣವೇ ಅಲ್ಲಿಗೆ ಮುಗಿದಿತ್ತು. ಜೊತೆಗೆ ಹೋಗಿದ್ದ ರಫಿ ಅಹಮದ್ ಕಿದ್ವಾಯಿ ವಾಪಸು ಬಂದುಬಿಟ್ಟರು. ಕೃಪಲಾನಿ ಬರಲಿಲ್ಲ. 1947ರ ಆಗಸ್ಟ್ 15ರಂದು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಮನುಷ್ಯ ನಾಲ್ಕೂವರೆ ವರ್ಷದಲ್ಲಿ ವಿರೋಧಿಯಾಗಿ ನಿಂತು ಫೈಜಾಬಾದಿನಲ್ಲಿ ಸೋತರು. ಅವರ ಪತ್ನಿ ಸುಚೇತಾ ಅದೇ ಪಕ್ಷದಿಂದ ನವದೆಹಲಿಯಲ್ಲಿ ಗೆದ್ದರು.

ನನಗೆ ಕೃಪಲಾನಿಯವರ ಮೇಲೆ ಗೌರವ ಇದೆ. ಆದರೆ ಗಾಂಧೀವಾದಿಗಳೂ ಮಾರ್ಕ್ಸ್ ಓದಿ ಬೆಳೆದ ಸಮಾಜವಾದಿಗಳೂ 1952ರ ಸೆಪ್ಟೆಂಬರಿನಲ್ಲಿ ಒಂದಾಗಿ ಪ್ರಜಾ ಸೋಷಲಿಸ್ಟ್ ಪಕ್ಷವಾದಾಗ ಅಲ್ಲಿ ಕೂಡಿದ್ದು ಸೋತವರ ಮತಗಳು, ಒಂದೇ ವಿಚಾರದವರಲ್ಲ.

ಚೈತ್ಯಭೂಮಿ

ಅಂಬೇಡ್ಕರ್ ಅವರ ಹೆಸರು ಬಂತು, ಹಾಗಾಗಿ ಬರೆಯುತ್ತಿದ್ದೇನೆ. ಹಿಂದೂಗಳ ಮದುವೆ, ಆಸ್ತಿ ಹಕ್ಕಿನ ಕಾನೂನು ಸುಧಾರಿಸುವ ಹಿಂದೂ ಸಂಹಿತೆ ಮಸೂದೆ ಮುಂದಕ್ಕೆ ಹೋಗದ ಬೇಸರದಲ್ಲಿ 1951ರ ಸೆಪ್ಟೆಂಬರಿನಲ್ಲಿ ಅವರು ಸಂಪುಟ ಬಿಟ್ಟರು. ಬಾಂಬೆಯಲ್ಲಿ ಅವರ ಪರಿಶಿಷ್ಟ ಜಾತಿ ಒಕ್ಕೂಟ ಸೋಷಲಿಸ್ಟರೊಂದಿಗೆ ಹೊಂದಾಣಿಕೆ ಮಾಡಿಕೊಂಡಿತು. ಬಾಂಬೆ ಉತ್ತರ ದ್ವಿಸದಸ್ಯ ಕ್ಷೇತ್ರ, ಅಂದರೆ ಒಂದೇ ಕ್ಷೇತ್ರದಿಂದ ಇಬ್ಬರು ಆರಿಸಿಬರಬೇಕು: ಮೀಸಲು ಸ್ಥಾನಕ್ಕೆ ಅಂಬೇಡ್ಕರ್, ಸಾಮಾನ್ಯ ಸ್ಥಾನಕ್ಕೆ ಸೋಷಲಿಸ್ಟ್ ನಾಯಕ ಅಶೋಕ ಮೆಹ್ತಾ. ಇಬ್ಬರೂ ಸೋತರು. ಅಂಬೇಡ್ಕರರನ್ನು ಸೋಲಿಸಿದ್ದು ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್. 1954ರಲ್ಲಿ ಭಂಡಾರಾ ಉಪಚುನಾವಣೆ, ಮತ್ತೆ ದ್ವಿಸದಸ್ಯ ಕ್ಷೇತ್ರ. ಅಶೋಕ ಮೆಹ್ತಾ ಗೆದ್ದರು. ಅಂಬೇಡ್ಕರ್ ಸೋತರು.

ಈ ಎರಡನೆಯ ಫಲಿತಾಂಶವನ್ನು ನೀವೆಲ್ಲ ನಿಧಾನವಾಗಿ ಓದಬೇಕು. ಆ ಕಾಲದ ಸಮಾಜವಾದಿಗಳ ಮಾತಿನಲ್ಲಿ ವರ್ಗ ಇತ್ತು, ಭೂಮಿ ಇತ್ತು, ಜಾತಿ ಇನ್ನೂ ಕೇಂದ್ರಕ್ಕೆ ಬಂದಿರಲಿಲ್ಲ. ಲೋಹಿಯಾ ಅದನ್ನು ಮುಂದೆ ತಂದದ್ದು ಬಹಳ ಮಟ್ಟಿಗೆ ಪಕ್ಷ ಒಡೆದ ಮೇಲೆ. ಅಂಬೇಡ್ಕರರೂ ಲೋಹಿಯಾರೂ 1956ರಲ್ಲಿ ಒಟ್ಟಿಗೆ ಕೆಲಸ ಮಾಡುವ ಬಗ್ಗೆ ಪತ್ರ ಬರೆದುಕೊಳ್ಳುತ್ತಿದ್ದರು. ಡಿಸೆಂಬರ್ 6ರಂದು ಬಾಬಾಸಾಹೇಬರು ಹೋಗಿಬಿಟ್ಟರು. ನಾಲ್ಕು ವರ್ಷ ಮುಂಚೆ ಆ ಪತ್ರಗಳು ಓಡಾಡಿದ್ದರೆ ಎಂದು ನಾನು ಹಲವು ಬಾರಿ ನೊಂದುಕೊಂಡಿದ್ದೇನೆ.

ಕೋಲಾರದ ಓದುಗಿ

ಚೈತ್ಯಭೂಮಿಯವರ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇದನ್ನು ನಾನು ನನ್ನ ಲೆಕ್ಕದಲ್ಲಿ ಸೇರಿಸಿಕೊಂಡಿರಲಿಲ್ಲ.

ಗೋದಾವರಿ ದಂಡೆ

ಒಂದು ಚಿಕ್ಕ ಪ್ರಶ್ನೆ. ಜನಸಂಘದ ಬಗ್ಗೆ ಯಾರೂ ಬರೆಯುತ್ತಿಲ್ಲವಲ್ಲ? ಆ ಚುನಾವಣೆಯಲ್ಲಿ ಅವರೂ ಇದ್ದರು.

ಹಳೆಕಡತ

ಇದ್ದರು. ಶ್ಯಾಮಪ್ರಸಾದ ಮುಖರ್ಜಿ ನೆಹರೂ ಅವರ ಮೊದಲ ಸಂಪುಟದಲ್ಲೇ ಕೈಗಾರಿಕಾ ಮಂತ್ರಿಯಾಗಿದ್ದರು. ಭಾರತ, ಪಾಕಿಸ್ತಾನಗಳ ಅಲ್ಪಸಂಖ್ಯಾತರ ರಕ್ಷಣೆಗೆಂದು ಆದ ನೆಹರೂ-ಲಿಯಾಕತ್ ಒಪ್ಪಂದವನ್ನು ವಿರೋಧಿಸಿ 1950ರ ಏಪ್ರಿಲ್‌ನಲ್ಲಿ ಹೊರಬಂದರು, 1951ರ ಅಕ್ಟೋಬರಿನಲ್ಲಿ ಜನಸಂಘ ಕಟ್ಟಿದರು. ಶೇ 3ರಷ್ಟು ಮತ, 3 ಸ್ಥಾನ. 1953ರ ಜೂನ್‌ನಲ್ಲಿ ಶ್ರೀನಗರದಲ್ಲಿ ಬಂಧನದಲ್ಲಿದ್ದಾಗ ತೀರಿಕೊಂಡರು. ಒಬ್ಬ ನಾಯಕನನ್ನು ಅಷ್ಟು ಬೇಗ ಕಳೆದುಕೊಂಡರೂ ಆ ಪಕ್ಷ ಒಡೆಯಲಿಲ್ಲ, ಏಕೆಂದರೆ ಅದರ ಬೆನ್ನಿಗೆ ರಾಷ್ಟ್ರೀಯ ಸ್ವಯಂಸೇವಕ ಸಂಘದ ಕಟ್ಟು ಇತ್ತು. ಸಮಾಜವಾದಿಗಳಿಗೆ ಅಂಥ ಆಸರೆ ಇರಲಿಲ್ಲ. ನಾಯಕರ ನಡುವಿನ ಸ್ನೇಹವೇ ಅವರ ಸಂಘಟನೆಯಾಗಿತ್ತು. ಸ್ನೇಹ ಮುರಿದಾಗ ಪಕ್ಷ ಮುರಿಯಿತು.

ಅದು ಮುರಿದ ಸ್ಥಳಕ್ಕೆ ಈಗ ಬರುತ್ತೇನೆ. ಈ ಚರ್ಚೆಯಲ್ಲಿ ನನಗೆ ಹೇಳಬೇಕಾದದ್ದು ಇದೊಂದೇ.

1953ರ ಆರಂಭದಲ್ಲಿ ನೆಹರೂ ಜೆಪಿಯವರನ್ನು ಮಾತುಕತೆಗೆ ಕರೆದರು. ಸಹಕರಿಸೋಣ ಎಂದರು. ಜೆಪಿ 14 ಅಂಶಗಳ ಕಾರ್ಯಕ್ರಮ ಮುಂದಿಟ್ಟರು: ಭೂಮಿಯ ಮರುಹಂಚಿಕೆ, ಬ್ಯಾಂಕುಗಳ ರಾಷ್ಟ್ರೀಕರಣ, ಅದಕ್ಕೆಲ್ಲ ಬೇಕಾದ ಸಂವಿಧಾನ ತಿದ್ದುಪಡಿ. ನೆಹರೂ ಮಾತು ಕೊಡಲು ಸಿದ್ಧರಿರಲಿಲ್ಲ, ಮಾತುಕತೆ ನಿಂತಿತು. ಆದರೆ ಪಕ್ಷದೊಳಗೆ ಬಿರುಕು ಬಿಟ್ಟಿತ್ತು. ಜೂನ್‌ನಲ್ಲಿ ಬೇತೂಲ್ ಸಮ್ಮೇಳನ ಸೇರಿತು. ಹಿಂದುಳಿದ ಆರ್ಥಿಕತೆಯ ದೇಶದಲ್ಲಿ ಎಲ್ಲದಕ್ಕೂ ವಿರೋಧವೆಂದರೆ ಆಗದು, ಕಾಂಗ್ರೆಸ್ಸಿನೊಂದಿಗೆ ಕೆಲವು ಕಡೆ ಕೈಜೋಡಿಸಬೇಕಾಗುತ್ತದೆ ಎಂದು ಅಶೋಕ ಮೆಹ್ತಾ ವಾದಿಸಿದರು. ಕಾಂಗ್ರೆಸ್ಸಿನಿಂದಲೂ ಕಮ್ಯುನಿಸ್ಟರಿಂದಲೂ ಸಮಾನ ದೂರ ಎಂದು ಲೋಹಿಯಾ ವಾದಿಸಿದರು. ಇದಿನ್ನೂ ಮಾತಿನ ಜಗಳ. ರಕ್ತ ಹರಿದದ್ದು ಮರುವರ್ಷ.

1954ರ ಚುನಾವಣೆಯ ನಂತರ ತಿರುವಾಂಕೂರು-ಕೊಚ್ಚಿ ರಾಜ್ಯದಲ್ಲಿ 117 ಸ್ಥಾನಗಳ ಸಭೆಯಲ್ಲಿ 19 ಸ್ಥಾನ ಪಡೆದಿದ್ದ ಪ್ರಜಾ ಸೋಷಲಿಸ್ಟರು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದ ಸರ್ಕಾರ ರಚಿಸಿದರು. ಪಟ್ಟಂ ಥಾಣು ಪಿಳ್ಳೆ ಮುಖ್ಯಮಂತ್ರಿ. ಭಾರತದ ಸಮಾಜವಾದಿಗಳಿಗೆ ಸಿಕ್ಕ ಮೊದಲ ರಾಜ್ಯ ಸರ್ಕಾರ. ದಕ್ಷಿಣದ ತಮಿಳು ತಾಲ್ಲೂಕುಗಳ ಜನ ತಮ್ಮನ್ನು ಮದರಾಸಿಗೆ ಸೇರಿಸಬೇಕೆಂದು ಚಳವಳಿ ಹೂಡಿದ್ದರು. ಆಗಸ್ಟ್ 11ರಂದು ಮಾರ್ತಾಂಡಂ, ಪುದುಕ್ಕಡೈಗಳಲ್ಲಿ ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು.

ಆಗ ಲೋಹಿಯಾ ಪಕ್ಷದ ಪ್ರಧಾನ ಕಾರ್ಯದರ್ಶಿ. ಉತ್ತರ ಪ್ರದೇಶದಲ್ಲಿ ನೀರಾವರಿ ಕರದ ವಿರುದ್ಧ ಸತ್ಯಾಗ್ರಹ ಮಾಡಿ ನೈನಿ ಜೈಲಿನಲ್ಲಿದ್ದರು. ಅಲ್ಲಿಂದಲೇ ತಮ್ಮ ಪಕ್ಷದ ಮುಖ್ಯಮಂತ್ರಿಗೆ ಹೇಳಿಕಳುಹಿಸಿದರು: ರಾಜೀನಾಮೆ ಕೊಡಿ, ತನಿಖೆ ನಡೆಸಿ. ಪಟ್ಟಂ ಕೊಡಲಿಲ್ಲ. ಲೋಹಿಯಾ ತಾವೇ ಕಾರ್ಯದರ್ಶಿ ಸ್ಥಾನ ಬಿಟ್ಟರು. ನವೆಂಬರಿನಲ್ಲಿ ನಾಗಪುರದಲ್ಲಿ ಸೇರಿದ ವಿಶೇಷ ಸಮ್ಮೇಳನ ಸರ್ಕಾರದ ಪರ ನಿಂತಿತು.

ನೆನಪಿಡಿ, 1948ರಲ್ಲಿ ಇದೇ ಜನ ಯಾರೂ ಕೇಳದಿದ್ದರೂ ಶಾಸಕ ಸ್ಥಾನಗಳನ್ನು ಬಿಟ್ಟುಕೊಟ್ಟಿದ್ದರು. ಆರು ವರ್ಷಗಳ ನಂತರ ಗುಂಡೇಟಿಗೆ ಜನ ಸತ್ತರೂ ಸರ್ಕಾರ ಬಿಡಲಾಗಲಿಲ್ಲ. ತುಂಗಾತೀರ ಅವರೇ, ಮರ ಒಣಗತೊಡಗಿದ್ದು ಅಲ್ಲಿ.

ಅನಂತಶಯನ

ನಾನು ತಿರುವನಂತಪುರದಲ್ಲಿ ನೆಲೆಸಿರುವ ಕನ್ನಡಿಗ. ಪಟ್ಟಂ ಅವರನ್ನು ಅಷ್ಟು ಸುಲಭವಾಗಿ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಬೇಡಿ. ಅವರು ದಿವಾನ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಕಾಲದಲ್ಲಿ ಎದೆಯೊಡ್ಡಿ ನಿಂತವರು, ತಿರುವಾಂಕೂರಿನ ಮೊದಲ ಜನಪ್ರತಿನಿಧಿ ಪ್ರಧಾನಿ. ಹಿಂಸೆಗೆ ತಿರುಗುವ ಗುಂಪಿನ ಎದುರು ಒಂದು ಸರ್ಕಾರ ಏನು ಮಾಡಬೇಕು? ಪ್ರತಿ ಗೋಲಿಬಾರಿಗೂ ಸರ್ಕಾರ ಬೀಳಬೇಕೆಂದರೆ ಯಾವ ಸಮಾಜವಾದಿ ಸರ್ಕಾರವೂ ಒಂದು ವರ್ಷ ಉಳಿಯದು. ಆಡಳಿತ ಹೊಣೆ ಹೊತ್ತವನ ಕಷ್ಟ ಜೈಲಿನಲ್ಲಿ ಕೂತವರಿಗೆ ಕಾಣುವುದಿಲ್ಲ.

ಹಳೆಕಡತ

ಅನಂತಶಯನ ಅವರೇ, ನಿಮ್ಮ ವಾದವನ್ನು ನಾಗಪುರದಲ್ಲೂ ಮಂಡಿಸಿದರು, ಅದಕ್ಕೇ ಗೆಲುವಾಯಿತು. ಆದರೆ ಆ ಸರ್ಕಾರ ಹಾಗೆ ಉಳಿದು ಕಂಡದ್ದೇನು? 1955ರ ಆರಂಭದಲ್ಲೇ ಕಾಂಗ್ರೆಸ್ಸು ಬೆಂಬಲ ಹಿಂತೆಗೆದುಕೊಂಡಿತು, ಪಟ್ಟಂ ಸರ್ಕಾರ ಬಿತ್ತು. ಅದೇ ಜನವರಿಯಲ್ಲಿ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ಸು ಸಮಾಜವಾದಿ ಮಾದರಿಯ ಸಮಾಜ ತನ್ನ ಗುರಿ ಎಂದು ನಿರ್ಣಯ ಮಾಡಿ ಸಮಾಜವಾದಿಗಳ ಮಾತನ್ನೇ ತನ್ನದು ಮಾಡಿಕೊಂಡಿತು. ಸರ್ಕಾರವೂ ಹೋಯಿತು, ಘೋಷಣೆಯೂ ಹೋಯಿತು. ಉಳಿದದ್ದು ಒಡಕು. ಅಶೋಕ ಮೆಹ್ತಾ ಅವರನ್ನು ಬಹಿರಂಗವಾಗಿ ಟೀಕಿಸಿದ ಮಧು ಲಿಮಯೆ ಅವರನ್ನು ಅಮಾನತು ಮಾಡಿದರು. 1955ರ ಕೊನೆಯಲ್ಲಿ ಹೈದರಾಬಾದಿನಲ್ಲಿ ಲೋಹಿಯಾ ಬೇರೆ ಸೋಷಲಿಸ್ಟ್ ಪಕ್ಷ ಕಟ್ಟಿದರು. ಕೆಲವೇ ವಾರಗಳಲ್ಲಿ, 1956ರ ಫೆಬ್ರುವರಿ 19ರಂದು, ವಿಶ್ರಾಂತಿಗೆಂದು ತಮಿಳು ನಾಡಿಗೆ ಬಂದಿದ್ದ ನರೇಂದ್ರ ದೇವರು ಪೆರುಂದುರೈಯಲ್ಲಿ ಕೊನೆಯುಸಿರೆಳೆದರು. ಎರಡು ಕಡೆಯವರೂ ಗೌರವಿಸುತ್ತಿದ್ದ ಒಬ್ಬ ಹಿರಿಯರೂ ಇಲ್ಲವಾದರು.

ಇನ್ನೂ ಒಂದು ನೋವಿನ ಸಂಗತಿ. ಯಾವ ತಾಲ್ಲೂಕುಗಳ ಬೇಡಿಕೆಗೆ ಗುಂಡು ಹಾರಿತೋ ಆ ತೋವಾಳೈ, ಅಗಸ್ತೀಶ್ವರಂ, ಕಲ್ಕುಳಂ, ವಿಳವಂಕೋಡು ತಾಲ್ಲೂಕುಗಳು 1956ರ ನವೆಂಬರ್ 1ರಂದು ಮದರಾಸಿಗೇ ಸೇರಿದವು. ನಾವು ಕನ್ನಡಿಗರು ಒಂದಾದ ದಿನವೂ ಅದೇ. ಎರಡು ವರ್ಷದಲ್ಲಿ ಕಾಗದದ ಮೇಲೆ ಕೊಡಬಹುದಾದದ್ದನ್ನು ಕೇಳಿದ್ದಕ್ಕೆ ಜನ ಪ್ರಾಣ ಕೊಟ್ಟಿದ್ದರು.

ಅನಂತಶಯನ

ಕೊನೆಯ ಮಾತಿಗೆ ನನ್ನ ಬಳಿ ಉತ್ತರವಿಲ್ಲ, ಒಪ್ಪುತ್ತೇನೆ. ಆದರೆ ಲೋಹಿಯಾ ಅವರ ಮೇಲೂ ಒಂದು ಭಾರ ಇದೆ. ತತ್ವ ಸರಿಯಿತ್ತು, ಪಕ್ಷ ಬಿಡುವ ಆತುರ ಸರಿಯಿರಲಿಲ್ಲ. ನಾಗಪುರದಲ್ಲಿ ಸೋತವರು ಒಳಗೇ ಇದ್ದು ಎರಡು ವರ್ಷ ವಾದ ಮಾಡಬಹುದಿತ್ತು. 1957ರಲ್ಲಿ ಒಡೆದ ಮನೆಯಾಗಿಯೂ ಪ್ರಜಾ ಸೋಷಲಿಸ್ಟರಿಗೆ ಶೇ 10.4 ಮತ, 19 ಸ್ಥಾನ ಬಂತು. ಅದೇ ವರ್ಷ ಕೇರಳದಲ್ಲಿ ಕಮ್ಯುನಿಸ್ಟರು 126ರಲ್ಲಿ 60 ಗೆದ್ದು, ಪಕ್ಷೇತರರ ನೆರವಿನಿಂದ ಇ. ಎಂ. ಎಸ್. ನಂಬೂದಿರಿಪಾಡರ ಸರ್ಕಾರ ರಚಿಸಿದರು. ಸಮಾಜವಾದಿಗಳು ಮೊದಲು ಕಾಲಿಟ್ಟ ನೆಲದಲ್ಲೇ ಕಮ್ಯುನಿಸ್ಟರು ಮನೆ ಕಟ್ಟಿದರು.

ಪಟ್ಟಂ ಅವರ ಮುಂದಿನ ಹಾದಿಯ ಬಗ್ಗೆ ನನಗೂ ಬೇಸರವಿದೆ. 1960ರಲ್ಲಿ ಕಾಂಗ್ರೆಸ್ ಜೊತೆ ಸೇರಿ ಮುಖ್ಯಮಂತ್ರಿಯಾದರು, 1962ರಲ್ಲಿ ಆ ಕುರ್ಚಿ ಬಿಟ್ಟು ಪಂಜಾಬಿನ ರಾಜ್ಯಪಾಲರಾಗಿ ಹೋದರು.

ಹಳೆಕಡತ

ಅಶೋಕ ಮೆಹ್ತಾ 1963ರಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು, ಆಮೇಲೆ ಕಾಂಗ್ರೆಸ್ ಸೇರಿದರು. ಬೇತೂಲ್‌ನ ವಾದ ಅದರ ತುದಿ ಮುಟ್ಟಿತು. ಲೋಹಿಯಾ ಫರೂಕಾಬಾದಿನಿಂದಲೂ ಕೃಪಲಾನಿ ಅಮ್ರೋಹಾದಿಂದಲೂ ಅದೇ 1963ರ ಉಪಚುನಾವಣೆಗಳಲ್ಲಿ ಲೋಕಸಭೆಗೆ ಬಂದರು. ಆಗಸ್ಟ್‌ನಲ್ಲಿ ನೆಹರೂ ಸರ್ಕಾರದ ವಿರುದ್ಧ ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯ ಮಂಡಿಸಿದ್ದು ಕೃಪಲಾನಿ. ಆ ಚರ್ಚೆಯಲ್ಲಿ ಬಡವನ ದಿನದ ಆದಾಯ ಮೂರಾಣೆ ಎಂದು ಲೋಹಿಯಾ ಹೇಳಿದ್ದು ದೇಶದ ಕಿವಿಗೆ ಬಿತ್ತು. ಅವರ ಆತುರದ ಬಗ್ಗೆ ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಆತುರ ಇಲ್ಲದವರು ಕೊನೆಗೆ ಎಲ್ಲಿಗೆ ಸೇರಿದರು ಎಂಬುದನ್ನೂ ನೋಡಬೇಕು.

ಮೈಸೂರು ಮಲ್ಲಿಗೆ ಬಳ್ಳಿ

ನಮ್ಮಲ್ಲೂ ಒಡಕಿನ ಪೆಟ್ಟು ಬಿತ್ತು. 1957ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಲ್ಲಿ ಸೋತರು. 1962ರಲ್ಲೂ 1967ರಲ್ಲೂ ಮತ್ತೆ ಗೆದ್ದುಬಂದರು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ. ಎಚ್. ಪಟೇಲರು ಅಲ್ಲಿ ಕನ್ನಡದಲ್ಲಿ ಮಾತನಾಡಿದರು. ಅದೇ ಚುನಾವಣೆಯಲ್ಲಿ ಸೊರಬದಿಂದ ಬಂಗಾರಪ್ಪನವರು ಮೊದಲ ಬಾರಿ ವಿಧಾನಸಭೆ ಕಂಡರು. ದೆಹಲಿಯಲ್ಲಿ ಒಣಗಿದ ಮರದ ಒಂದು ಬೇರು ಶಿವಮೊಗ್ಗದಲ್ಲಿ ಚಿಗುರುತ್ತಲೇ ಇತ್ತು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆ. ಹಳೆಕಡತ ಅವರ ಮಾತನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಕಾಗೋಡಿನಲ್ಲಿ ಪೊಲೀಸರ ಲಾಠಿ ಕಂಡವರ ಪಕ್ಷ ಮಾರ್ತಾಂಡಂನಲ್ಲಿ ಪೊಲೀಸರ ಪರ ನಿಂತದ್ದನ್ನು ನಮ್ಮ ಅಜ್ಜನಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ಹೇಳಿದ್ದರೆ ಅವರು ಮರದ ಪೆಟ್ಟಿಗೆಯ ಹೆಸರನ್ನು ಅಷ್ಟು ಹೆಮ್ಮೆಯಿಂದ ಹೇಳುತ್ತಿದ್ದರೇ?

ನಿನ್ನೆ ಅಮ್ಮನಿಗೆ ಫೋನ್ ಮಾಡಿ ಮನೆಯ ಹಳೆಯ ಕಾಗದಗಳನ್ನು ತೆಗೆಸಿದೆ. ತಗಡಿನ ಪೆಟ್ಟಿಗೆಯಲ್ಲಿ ಅಜ್ಜ ಭದ್ರವಾಗಿ ಇಟ್ಟಿದ್ದ ಫಾರಂ ಏಳರ (ಗೇಣಿದಾರ ಭೂಮಿಯ ಹಕ್ಕು ಕೋರಿ ಕೊಡುವ ಅರ್ಜಿ) ಪ್ರತಿ, ಭೂ ನ್ಯಾಯಮಂಡಳಿಯ ಆದೇಶ ಎರಡೂ ಸಿಕ್ಕವು. ಉಳುವವನಿಗೆ ಭೂಮಿ ಕೊಟ್ಟ 1974ರ ತಿದ್ದುಪಡಿ ತಂದದ್ದು ದೇವರಾಜ ಅರಸರ ಸರ್ಕಾರ. ಅರಸರು 1952ರಲ್ಲಿ ಹುಣಸೂರಿನಿಂದ ಗೆದ್ದದ್ದು ಜೋಡೆತ್ತಿನ ಪೆಟ್ಟಿಗೆಯಿಂದ.

ಅಜ್ಜನ ಹೆಸರಿಗೆ ಎರಡೂವರೆ ಎಕರೆ ಗದ್ದೆ ಬಂದದ್ದು 1978ರಲ್ಲಿ. ಗೋಪಾಲಗೌಡರು ತೀರಿಕೊಂಡು ಆಗ ಆರು ವರ್ಷವಾಗಿತ್ತು. ಆದೇಶ ಕೈಗೆ ಬಂದ ದಿನ ಅಜ್ಜ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಕಾಗೋಡಿನವರೆಗೆ ನಡೆದುಹೋಗಿ ಬಂದರಂತೆ. ಯಾರನ್ನು ನೋಡಲು ಹೋಗಿದ್ದರು ಎಂದು ಅಮ್ಮ ಕೇಳಿದ್ದಕ್ಕೆ, "ಗದ್ದೆ ನೋಡಿಕೊಂಡು ಬಂದೆ" ಎಂದಷ್ಟೇ ಹೇಳಿದರಂತೆ.